ತಲೆದೆಸೆಯಲ್ಲಿ ಕೂತವಳು

ಒಟಾಹುಹು, ಆಕ್ಲೆಂಡ್
೯ ಮಾರ್ಚ್ ೧೯೯೭

ಪ್ರೀತಿಯ ಮೆಲೆನೈತೆ,

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಕೆಲಸ ಜಾಸ್ತಿ ಇತ್ತು ಅಂತ ಬರೆದರೆ ಅದು ಅರ್ಧ ನಿಜ.

ನಮ್ಮ ವಿಭಾಗದಲ್ಲಿ ಒಂದು ಕಾಯಂ ಹುದ್ದೆ ಬಂದಿರುವುದು ನಿಜವೇ ಅಂತ ಕೇಳಿದ್ದೀಯ. ನಿಜ. ನೀನು ಅರ್ಜಿ ಹಾಕಿದರೆ ನನಗೆ ಬೇಸರವೇ ಅಂತಲೂ ಕೇಳಿದ್ದೀಯ. ಪತ್ರಿಕೆಯಲ್ಲಿ ಜಾಹೀರಾತು ಬಂದ ಮೇಲೆ ಅದು ಯಾರ ಮನೆಯ ಸ್ವತ್ತೂ ಅಲ್ಲ. ವೆಲಿಂಗ್ಟನ್‌ನಲ್ಲಿ ನಿನ್ನ ಒಪ್ಪಂದ ಡಿಸೆಂಬರ್‌ಗೆ ಮುಗಿಯುತ್ತದೆ ಎಂಬುದು ನನಗೆ ಗೊತ್ತು. ನಿನ್ನ ಹತ್ತಿರ ಡಾಕ್ಟರೇಟ್ ಇದೆ, ನನ್ನ ಹತ್ತಿರ ಒಂಬತ್ತು ವರ್ಷ ಇದೆ. ತಕ್ಕಡಿ ಅವರ ಕೈಯಲ್ಲಿದೆ.

ಒಂಬತ್ತು ವರ್ಷ ಅಂದರೆ ಒಂದೊಂದು ವರ್ಷದ ಒಂಬತ್ತು ತುಂಡು. ಪ್ರತಿ ನವೆಂಬರ್‌ನಲ್ಲಿ ಒಂದು ಲಕೋಟೆ ಬರುತ್ತದೆ. ಅದು ಬರುವ ಮೊದಲೇ ನಾನು ಮೇಜಿನ ಮೇಲಿನ ಹೂಕುಂಡವನ್ನು ಮನೆಗೆ ತಂದಿಟ್ಟುಕೊಂಡಿರುತ್ತೇನೆ. ಲಕೋಟೆ ಬಂದ ಮೇಲೆ ಮತ್ತೆ ಒಯ್ಯುತ್ತೇನೆ. ಆ ಗಿಡಕ್ಕೂ ಈಗ ಬಸ್ಸಿನ ದಾರಿ ಗೊತ್ತಿರಬೇಕು.

ಕಳೆದ ವಾರ ಹೊಸ ವಿದ್ಯಾರ್ಥಿಗಳ ಸ್ವಾಗತ. ಡೀನ್ ನನ್ನ ಬಾಗಿಲಿಗೆ ತಲೆ ಹಾಕಿ, “ಕಲೋ, ಪ್ರಾರ್ಥನೆ ನೀವೇ ಹೇಳಿಬಿಡಿ, ಹಾಗೇ ಊಟದ ಕಡೆಗೂ ಒಂಚೂರು ಕಣ್ಣಿರಲಿ” ಅಂದರು. ಒಂಚೂರು ಕಣ್ಣು ಅಂದರೆ ಕೆಸುವಿನೆಲೆಯಲ್ಲಿ ಮಾಂಸ, ತೆಂಗಿನ ಹಾಲು ಹಾಕಿ ಕಟ್ಟಿದ ಅರವತ್ತು ಪೊಟ್ಟಣ. ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ನಾನು ಬರೆಯಬೇಕಾಗಿದ್ದ ಲೇಖನ ಹಾಗೇ ಉಳಿಯಿತು. ಹುದ್ದೆಯ ಜಾಹೀರಾತಿನಲ್ಲಿ ಪ್ರಕಟಿತ ಲೇಖನಗಳ ಪಟ್ಟಿ ಕೇಳಿದ್ದಾರೆ, ಪೊಟ್ಟಣಗಳದ್ದಲ್ಲ.

ನಿನ್ನ ಲೇಖನವನ್ನು ನನ್ನ ಎರಡನೆಯ ವರ್ಷದ ತರಗತಿಗೆ ಓದಲು ಕೊಟ್ಟಿದ್ದೇನೆ. ಚೆನ್ನಾಗಿದೆ. ಹದಿನೇಳನೆಯ ಅಡಿಟಿಪ್ಪಣಿಯಲ್ಲಿ ನನ್ನ ಹೆಸರೂ ಇದೆ. ಒಬ್ಬ ಹುಡುಗಿ ಅದನ್ನು ಹುಡುಕಿ ತೋರಿಸಿ, “ಮಿಸ್, ಇದು ನೀವೇನಾ?” ಅಂದಳು.

ಶನಿವಾರ ನಿಮ್ಮ ಮನೆಗೆ ಹೋಗಿದ್ದೆ. ಸೊಸಾಯಾ ಮಾವ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಿದ್ದಾರೆ, ಆದರೂ ಮಾತಿನ ಚುರುಕು ಹಾಗೇ ಇದೆ. ಮೊದಲಿನ ಹಾಗೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಳಿಗೂದಲು ಕೀಳುತ್ತಾ ಕೂತೆ. ನಿನ್ನ ಅಮ್ಮ ಅಡುಗೆಮನೆಯಿಂದಲೇ, “ಬಿಳೀದೆಲ್ಲ ಕಿತ್ತರೆ ಕಲೋ, ಮಿಕ್ಕೋದು ಬೋಳೇ!” ಅಂದಳು. ಮಾವ ಕಣ್ಣು ಮುಚ್ಚಿಕೊಂಡೇ, “ಕೀಳಲಿ ಬಿಡೇ, ತಲೆ ಅವಳದು” ಅಂದರು. ನೀನಿದ್ದಿದ್ದರೆ ಬಾಗಿಲ ಹತ್ತಿರ ಕೂತು ನೋಡುತ್ತಿದ್ದೆ. ಅಪ್ಪನ ತಲೆಯನ್ನು ಮಕ್ಕಳು ಮುಟ್ಟುವ ಹಾಗಿಲ್ಲವಲ್ಲ.

ಇನ್ನೊಂದು ಮಾತು. ನಾನು ನಿನ್ನ ಅಪ್ಪನ ಅಕ್ಕನ ಮಗಳು. ನಾನು ಬೇಡ ಅಂದರೆ ನೀನು ಬಿಡಬೇಕು, ಕೊಡು ಅಂದರೆ ಕೊಡಬೇಕು. ನಮ್ಮಲ್ಲಿ ಅದು ಹಾಗೆ. ಅದಕ್ಕೇ ನಾನು ಏನನ್ನೂ ಅನ್ನುವುದಿಲ್ಲ. ನೀನು ಕೇಳಲೂಬಾರದಿತ್ತು.

ಅರ್ಜಿ ಹಾಕು.

ನಿನ್ನ
ಕಲೋಲೈನೆ

*

ವೆಲಿಂಗ್ಟನ್
೨೪ ಮಾರ್ಚ್ ೧೯೯೭

ಕಲೋ ಅಕ್ಕನಿಗೆ,

ಪತ್ರ ತಲುಪಿತು. ಅರ್ಜಿ ಹಾಕಿದ್ದೇನೆ. ನೀವು ಹಾಕು ಅಂದ ಮೇಲೆ ಹಾಕಿದೆ ಎಂಬುದು ನಿಮಗೆ ತಿಳಿದಿರಲಿ.

ಇಲ್ಲಿ ಪ್ರತಿ ಸಮಿತಿಯಲ್ಲೂ ನಮ್ಮ ದ್ವೀಪದವರು ಒಬ್ಬರಿರಬೇಕು ಅನ್ನುತ್ತಾರೆ. ಸಮಿತಿಗಳು ಏಳು, ನಾನು ಒಬ್ಬಳು. ಕಳೆದ ವಾರ ನನ್ನ ವಾರ್ಷಿಕ ವರದಿ ಬಂತು. “ಸಭೆಗಳಲ್ಲಿ ಮಾತನಾಡುವುದಿಲ್ಲ, ಮುಂದಾಳುತನದ ಗುಣ ಬೆಳೆಯಬೇಕು” ಎಂದಿದೆ. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಅಂತ ನನಗೆ ಕಲಿಸಿದವರು ನೀವು. ಆಗ ನನಗೆ ಒಂಬತ್ತು, ನಿಮಗೆ ಹದಿನೇಳು. ಇಲ್ಲಿ ಹಿರಿಯರು ಮಾತು ನಿಲ್ಲಿಸುವುದೇ ಇಲ್ಲ, ಸಭೆ ಮುಗಿಯುತ್ತದೆ.

ಅಪ್ಪನನ್ನು ನೋಡಿಕೊಂಡು ಬಂದದ್ದಕ್ಕೆ ಏನು ಹೇಳಲಿ. ಫೋನು ಮಾಡಿದರೆ ನಿಮ್ಮ ವಿಷಯವೇ ಕೇಳುತ್ತಾರೆ. “ಕಲೋ ಊಟ ಮಾಡಿದಳಾ? ಕಲೋಗೆ ಕೆಲಸ ಕಾಯಂ ಆಯ್ತಾ?” ನಾನೂ ಒಂದು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತೇನೆ ಎಂಬುದು ಅವರಿಗೆ ನೆನಪಿದೆ ಅಂದುಕೊಂಡಿದ್ದೇನೆ.

ಜುಲೈನಲ್ಲಿ ನಿಮ್ಮ ವಿಭಾಗದಲ್ಲಿ ಒಂದು ಉಪನ್ಯಾಸ ಕೊಡಲು ಕರೆದಿದ್ದಾರೆ. ಒಪ್ಪಿಕೊಂಡಿದ್ದೇನೆ. ಬೇಡ ಅನ್ನಿಸಿದರೆ ಹೇಳಿ.

ನಿಮ್ಮ
ಮೆಲೆನೈತೆ

*

ಒಟಾಹುಹು
೩ ಜುಲೈ ೧೯೯೭

ಪ್ರೀತಿಯ ಮೆಲೆನೈತೆ,

ಮಾವನನ್ನು ಮಣ್ಣು ಮಾಡಿ ನೀನು ವೆಲಿಂಗ್ಟನ್‌ಗೆ ಹಿಂದಿರುಗಿ ಎರಡು ವಾರವಾಯಿತು. ನಿಮ್ಮ ಅಮ್ಮನ ಜೊತೆ ಚರ್ಚಿನ ಹೆಂಗಸರು ಸರದಿಯಲ್ಲಿ ಇದ್ದಾರೆ. ಅಂಗಳದ ಚಪ್ಪರ ಬಿಚ್ಚಿದರು. ಒಲೆಗೆ ತೋಡಿದ ಗುಂಡಿಯನ್ನು ಮುಚ್ಚಿದ್ದಾರೆ, ಹುಲ್ಲು ಇನ್ನೂ ಬಂದಿಲ್ಲ.

ನನ್ನ ಅಮ್ಮ ಮಂಡಿನೋವಿನಿಂದ ಹಾಪಾಯಿ ದ್ವೀಪ ಬಿಟ್ಟು ಬರಲಾರದೆ ಹೋದಳು. ಹಾಗಾಗಿ ಮಾವನ ತಲೆದೆಸೆಯಲ್ಲಿ, ಅಕ್ಕ ಕೂರಬೇಕಾದ ಜಾಗದಲ್ಲಿ, ನಾನು ಕೂತೆ. ಯಾರಾದರೂ ಕೂರಲೇಬೇಕಲ್ಲ. ಬೆಳಿಗ್ಗೆ ಅವರ ತಲೆಗೆ ಎಣ್ಣೆ ಹಚ್ಚಿ ಬಾಚಿದೆ. ಬಂದವರೆಲ್ಲ ನನ್ನ ಮುಂದೆ ಬಗ್ಗಿ ಹೋದರು. ಡೀನ್ ಕೂಡ ಬಂದಿದ್ದರು, ಕಪ್ಪು ಕೋಟು ಹಾಕಿಕೊಂಡು. ನಾನು ಅಲ್ಲಿ ಕೂತದ್ದನ್ನು ನೋಡಿ ಅವರ ಮುಖದಲ್ಲಿ ಏನೋ ಕದಲಿತು. ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಮೊದಲ ಸಲ ನೋಡಿದ ಹಾಗಿತ್ತು. ಆಮೇಲೆ ಹೊರಗೆ ಹೋಗಿ ಹೊಗೆಯಲ್ಲಿ ನಿನ್ನನ್ನು ಹುಡುಕಿದರಂತೆ. ಸತ್ತವರ ಮಗಳು ಯಾಕೆ ಒಳಗಿಲ್ಲ, ಹಿತ್ತಲಲ್ಲಿ ಗೆಡ್ಡೆ ಸುಲಿಯುತ್ತಿದ್ದಾಳೆ ಅಂತ ಅವರಿಗೆ ಅರ್ಥವಾಗಲಿಲ್ಲ; ಅಪ್ಪನ ಸಾವಿನಲ್ಲಿ ಮಕ್ಕಳದು ಕೆಳಸ್ಥಾನ, ಒಲೆಯ ಹತ್ತಿರವೇ ಅಂತ ಅವರಿಗೇನು ಗೊತ್ತು. ಹರಿದು ಜೋಲುವ ಅಷ್ಟು ದೊಡ್ಡ ಸೂತಕದ ಚಾಪೆಯನ್ನು ಮೈಗೆ ಸುತ್ತಿಕೊಂಡು ನಿನಗೆ ಏಳುವುದೂ ಕೂರುವುದೂ ಕಷ್ಟವಾಗುತ್ತಿತ್ತು. ಕಿಟಕಿಯಿಂದ ಕಾಣುತ್ತಿತ್ತು.

ಕೂದಲಿನ ವಿಷಯ ಬರೆಯಬೇಕು.

ಮಣ್ಣು ಮಾಡಿ ಬಂದ ಮೇಲೆ, ಸೂತಕಕ್ಕೆ ನಿನ್ನ ಕೂದಲು ಕತ್ತರಿಸಲು, ಕತ್ತರಿ ತಲೆದೆಸೆಯಲ್ಲಿ ಕೂತ ನನ್ನ ಕೈಗೆ ಬಂತು. ತುದಿಯಿಂದ ಒಂದು ಬೆರಳಿನಷ್ಟು ತೆಗೆದರೂ ಸಾಕು, ಈಗ ಎಲ್ಲರೂ ಅಷ್ಟೇ ಮಾಡುವುದು. ನಿನ್ನ ಅಮ್ಮ ಬಾಗಿಲಲ್ಲಿ ನಿಂತು, “ಇಷ್ಟು ಸಾಕಲ್ವಾ, ಕಲೋ?” ಅಂದಳು. ಕತ್ತರಿ ಮೊಂಡಾಗಿತ್ತು. ಒಂದು ಕಡೆ ಓರೆಯಾಯಿತು, ಸರಿಮಾಡಲು ಹೋದರೆ ಇನ್ನೊಂದು ಕಡೆ ಓರೆಯಾಯಿತು. ಹೀಗೆ ಕಿವಿಯವರೆಗೂ ಬಂತು. ನೀನು ಒಂದು ಸಲವೂ ಅಲುಗಾಡಲಿಲ್ಲ.

ಚಾಪೆಗಳನ್ನು ನನ್ನ ಮುಂದೆ ಪೇರಿಸಿದರು. ಮೇಲಿದ್ದದ್ದು ನೀನು ಡಾಕ್ಟರೇಟ್ ಪಡೆದ ದಿನ ಸೊಂಟಕ್ಕೆ ಸುತ್ತಿಕೊಂಡಿದ್ದು, ಕೆಂಪು ಗರಿಯ ಅಂಚಿನದು. ನಿನ್ನ ಅಜ್ಜಿ ನೇಯ್ದದ್ದು. ತಲೆದೆಸೆಯಲ್ಲಿ ಕೂತವಳಿಗೆ ಇರುವುದರಲ್ಲಿ ಒಳ್ಳೆಯದೇ ಹೋಗಬೇಕು, ಬೇಡ ಅನ್ನುವ ಹಾಗಿಲ್ಲ ಅಂತ ಬರೆಯೋಣವೆಂದುಕೊಂಡೆ. ಅನ್ನಬಹುದಿತ್ತು. ಬೇರೆ ಯಾರೋ ಹಿಂದೆ ಅಂದಿದ್ದಾರೆ.

ಅದನ್ನು ಮಡಿಸಿ ಹಾಸಿಗೆಯ ಕೆಳಗೆ ಇಟ್ಟಿದ್ದೇನೆ.

ನಿನ್ನ
ಕಲೋಲೈನೆ

*

ವೆಲಿಂಗ್ಟನ್
೧೫ ಜುಲೈ ೧೯೯೭

ಕಲೋ ಅಕ್ಕನಿಗೆ,

ಅಪ್ಪನಿಗೆ ಎಲ್ಲವೂ ಕ್ರಮವಾಗಿ ಆಯಿತು. ನೀವಿದ್ದಿರಿ. ಅದಕ್ಕೆ ಕೃತಜ್ಞಳು.

ಕೂದಲು ಬೆಳೆಯುತ್ತದೆ. ಚಾಪೆ ನಿಮ್ಮದು.

ಉಪನ್ಯಾಸಕ್ಕೆ ೨೪ಕ್ಕೆ ಬರುತ್ತೇನೆ. ಸೂತಕದ ಚಾಪೆಯನ್ನು ನೂರು ದಿನ ಬಿಡುವುದಿಲ್ಲ ಅಂದುಕೊಂಡಿದ್ದೇನೆ, ಇಲ್ಲಿ ಕೆಲಸಕ್ಕೂ ಅದರಲ್ಲೇ ಹೋಗುತ್ತೇನೆ. ಲಿಫ್ಟಿನಲ್ಲಿ ನಾನೊಬ್ಬಳೇ ಹಿಡಿಯುತ್ತೇನೆ.

ಅರ್ಜಿಯ ವಿಷಯ ನೀವು ಕೇಳಿಲ್ಲ. ನಾನೂ ಬರೆಯುವುದಿಲ್ಲ.

ನಿಮ್ಮ
ಮೆಲೆನೈತೆ

*

ಒಟಾಹುಹು
೧೨ ಆಗಸ್ಟ್ ೧೯೯೭

ಪ್ರೀತಿಯ ಮೆಲೆನೈತೆ,

ನಿನ್ನ ಉಪನ್ಯಾಸದ ದಿನ ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಮಾತು ಮುಗಿಸಿ ನೀನು ನನ್ನ ಕಡೆ ಬರುವಷ್ಟರಲ್ಲಿ ಚಹಾದ ಲೋಟಗಳು ಸಾಲದಾಗಿದ್ದವು. ಯಾರೋ ನನ್ನ ಕಡೆ ನೋಡಿದರು, ನಾನು ಎದ್ದು ಹೋದೆ. ಹಾಗಾಗಿ ಹೇಳುವುದು ಉಳಿಯಿತು: ಚೆನ್ನಾಗಿ ಮಾತಾಡಿದೆ. ನಾನು ಹೇಳಬೇಕೆಂದು ವರ್ಷಗಳಿಂದ ಇಟ್ಟುಕೊಂಡಿದ್ದ ಎರಡು ವಿಷಯಗಳನ್ನು ನೀನೇ ಹೇಳಿದೆ, ನನಗಿಂತ ಚೊಕ್ಕವಾಗಿ. ಸಂದರ್ಶನಕ್ಕೆ ಮೊದಲೇ ಎಲ್ಲರೂ ನಿನ್ನನ್ನು ಕೇಳಿದಂತಾಯಿತು. ಅದು ಒಳ್ಳೆಯ ಲೆಕ್ಕಾಚಾರ.

ಈಗ ನಡೆದದ್ದನ್ನು ಕೇಳು. ಡೀನ್ ಆ ದಿನ ನಿನ್ನ ಫೋಟೋ ತೆಗೆಸಿದರಲ್ಲ, ಅದನ್ನು ಬಾಗಿಲಷ್ಟು ಎತ್ತರ ಮಾಡಿಸಿ ಕಾರಿಡಾರಿನಲ್ಲಿ ಅಂಟಿಸಿದ್ದಾರೆ. ಸರಿಯಾಗಿ ನನ್ನ ಕೋಣೆಯ ಎದುರಿಗೆ. ಮೊಟಕು ಕೂದಲು, ಎದೆಯವರೆಗೆ ಬಂದ ಹರಕು ಚಾಪೆ, ಕೈಯಲ್ಲಿ ಕಾಗದ. ಕೆಳಗೆ, “ಪೆಸಿಫಿಕ್‌ನ ಸಂಭ್ರಮ: ನಮ್ಮೊಂದಿಗೆ ಬನ್ನಿ.”

ಸಂಜೆ ಐದಕ್ಕೆ ಕಸ ತೆಗೆಯಲು ಬರುವ ಎಸೆಟಾ ನಮ್ಮ ಚರ್ಚಿನವಳೇ, ನಿನಗೆ ಗೊತ್ತು. ಅವಳು ಪೊರಕೆ ಹಿಡಿದುಕೊಂಡೇ ಅದರ ಮುಂದೆ ನಿಂತುಬಿಟ್ಟಳು.

“ಅಯ್ಯೋ ದೇವ್ರೇ! ಕಲೋ, ಬಾ ಇಲ್ಲಿ. ಇದು ಸೊಸಾಯಾನ ಮಗಳಲ್ವಾ?”

“ಹೌದು.”

“ಅಪ್ಪ ಸತ್ತು ಚಾಪೆ ಸುತ್ಕೊಂಡಿರೋಳನ್ನ ಹಬ್ಬಕ್ಕೆ ಬನ್ನಿ ಅಂತ ಅಂಟಿಸವ್ರಲ್ಲೇ! ಯಾರೂ ಹೇಳೋರಿಲ್ವಾ ಈ ಬಿಳೀ ಪಾಲಾಂಗಿಗಳಿಗೆ?” ಗೋಡೆಗೆ ಒರಗಿಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. “ನೀನು ಹೇಳ್ಲಿಲ್ವಾ? ನೀನು ಇಲ್ಲೇ ಇರ್ತೀಯಲ್ಲ ದಿನವೆಲ್ಲ.”

ಫೋಟೋ ತೆಗೆಯುವಾಗ ನಾನು ಪಕ್ಕದಲ್ಲೇ ಇದ್ದೆ. “ಎಂಥ ಭವ್ಯವಾದ ಉಡುಪು!” ಅಂತ ಡೀನ್ ಉದ್ಗರಿಸಿದಾಗ ನೀನು ನನ್ನ ಕಡೆ ನೋಡಿದೆ. ನಾನಿರುವಾಗ ನೀನು ಬಾಯಿ ತೆರೆಯುವ ಹಾಗಿರಲಿಲ್ಲ. ಹೇಳಬೇಕಾಗಿದ್ದವಳು ನಾನು. ನನ್ನ ಕೈಯಲ್ಲಿ ಲೋಟಗಳ ತಟ್ಟೆ ಇತ್ತು.

ಈಗ ನಮ್ಮ ವಿದ್ಯಾರ್ಥಿಗಳು ಅದರ ಮುಂದೆ ಬಂದು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಉಳಿದವರು ನಿಂತು ಮೆಚ್ಚುತ್ತಾರೆ. ನಾನು ಸಾವಿನ ಮನೆಯಲ್ಲಿ ಸಣ್ಣ ಚಾಪೆ, ಒಳ್ಳೆಯ ಚಾಪೆ ಉಟ್ಟು ಮೇಲುಸ್ಥಾನದಲ್ಲಿ ಕೂತಿದ್ದೆ. ಅಲ್ಲಿ ಯಾರೂ ನನ್ನ ಫೋಟೋ ತೆಗೆಯಲಿಲ್ಲ, ತೆಗೆಯಬಾರದು ಕೂಡ. ನಿನಗೆ ಹರಕು ಸುತ್ತಿಸಿ ಹೊಗೆಗೆ ಕಳಿಸಿದರೂ ಗೋಡೆ ಹತ್ತಿ ಬಂದು ನನ್ನ ಬಾಗಿಲಿಗೆ ಎದುರಾಗಿ ನಿಲ್ಲುತ್ತೀಯ. ನಾನು ಕತ್ತರಿಸಿದ ಕೂದಲೂ ನಿನಗೆ ಒಪ್ಪಿಬಿಟ್ಟಿದೆ. ಕಂಪ್ಯೂಟರ್ ಕೋಣೆಯ ಹುಡುಗಿಯೊಬ್ಬಳು ಹಾಗೇ ಕತ್ತರಿಸಿಕೊಂಡು ಬಂದಿದ್ದಾಳೆ.

ಇದಕ್ಕೆ ಏನು ಹೆಸರು ಅಂತ ನನಗೆ ಗೊತ್ತು. ಹೊಟ್ಟೆಕಿಚ್ಚು. ಬರೆದ ಮೇಲೆ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ.

ಬಾಗಿಲು ಮುಚ್ಚಿಕೊಂಡು ಪಾಠ ತಯಾರಿ ಮಾಡುತ್ತೇನೆ.

ನಿನ್ನ
ಕಲೋಲೈನೆ

*

ಒಟಾಹುಹು
೪ ಸೆಪ್ಟೆಂಬರ್ ೧೯೯೭

ಮೆಲೆನೈತೆ,

ನಿನ್ನೆ ಸಂದರ್ಶನವಾಯಿತು. ಐದು ಜನ ಇದ್ದರು. ಹೊರಗಿನ ಬೆಂಚಿನ ಮೇಲೆ ನನ್ನ ಜೊತೆ ಒಬ್ಬ ಗಂಡಸು ಕೂತಿದ್ದ, ಸಮೋವಾದಲ್ಲಿ ಎರಡು ವರ್ಷ ಇದ್ದವನಂತೆ. ನನಗಿಂತ ಒಳ್ಳೆಯ ಹೂವಿನ ಅಂಗಿ ಹಾಕಿದ್ದ. ಕಾರಿಡಾರಿನ ತುದಿಯಿಂದ ನೀನು ಬರುತ್ತೀಯ ಅಂತ ನಾನು ಆ ಕಡೆಯೇ ನೋಡುತ್ತಿದ್ದೆ. ಏನು ಮಾತಾಡಬೇಕೆಂಬುದನ್ನೂ ತಯಾರು ಮಾಡಿಕೊಂಡಿದ್ದೆ.

ಮುಗಿದ ಮೇಲೆ ಡೀನ್ ಬಾಗಿಲವರೆಗೆ ಬಂದರು. ನಾನು ತಡೆಯಲಾರದೆ ಕೇಳಿದೆ. ನೀನು ಮಧ್ಯಾಹ್ನ ಬರುತ್ತೀಯೇನೋ ಅಂತ.

“ಮೆಲೆನೈತೆನಾ? ಇಲ್ವಲ್ಲ, ಅವರು ಏಪ್ರಿಲ್‌ನಲ್ಲೇ ಅರ್ಜಿ ವಾಪಸ್ ತಗೊಂಡ್ರು. ನಿಮಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ, ಒಂದೇ ಮನೆಯವರಲ್ವಾ?”

ಏಪ್ರಿಲ್. ಮಾವ ಸತ್ತದ್ದು ಜೂನ್. ಕತ್ತರಿ ಜೂನ್. ಪಟ ಅಂಟಿಸಿದ್ದು ಆಗಸ್ಟ್. ಬಸ್ಸಿನಲ್ಲಿ ಬರುತ್ತಾ ಇದನ್ನು ಬೆರಳಲ್ಲಿ ಎಣಿಸಿದೆ, ಚಿಕ್ಕ ಮಕ್ಕಳಂತೆ. ಪ್ರತಿ ಸಲವೂ ಏಪ್ರಿಲ್ ಮೊದಲೇ ಬಂತು.

ನಾನು ನಿನಗೆ ಹಾಕು ಅಂದಿದ್ದೆ. ಯಾಕೆ ತೆಗೆದೆ?

ಕಲೋಲೈನೆ

*

ವೆಲಿಂಗ್ಟನ್
೧೫ ಸೆಪ್ಟೆಂಬರ್ ೧೯೯೭

ಕಲೋ ಅಕ್ಕನಿಗೆ,

ನೀವು ಕೇಳಿದ್ದೀರಿ, ಹೇಳಲೇಬೇಕು. ಹೇಳಬೇಡ ಅಂತ ನಿಮಗಿಂತ ಮೇಲಿನವರು ಹೇಳಿದ್ದಾರೆ. ಇಬ್ಬರ ಮಾತೂ ನಡೆಯಬೇಕಾದರೆ ಇದೊಂದೇ ದಾರಿ. ನಾನು ಏನೂ ಹೇಳುತ್ತಿಲ್ಲ, ಒಂದು ಹಾಳೆಯನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ.

ಮೆಲೆನೈತೆ

*

(ಜೊತೆಗಿದ್ದ ಹಾಳೆ)

ಪಾಂಗಾಯಿ, ಹಾಪಾಯಿ
೧೮ ಏಪ್ರಿಲ್ ೧೯೯೭

ನನ್ನ ಬಂಗಾರ ಮೆಲೆನೈತೆ,

ಇದನ್ನ ಪಕ್ಕದ ಮನೆ ಟೀಚರ್ ಹತ್ರ ಬರೆಸ್ತಾ ಇದೀನಿ, ನನ್ನ ಕಣ್ಣು ಈಗ ಮೀನಿನ ಮುಳ್ಳೂ ಕಾಣಲ್ಲ. ನಿಮ್ಮಪ್ಪ ಹೇಗಿದಾನೆ? ಅವನಿಗೆ ಹೇಳು, ನಾನು ಬದುಕಿರೋವಾಗ ಅವನು ಸಾಯೋ ಹಾಗಿಲ್ಲ, ದೊಡ್ಡೋಳು ನಾನು, ಸರದಿ ನಂದು. ಇಲ್ಲಿ ಜೀಗುಜ್ಜೆ ಚೆನ್ನಾಗಿ ಬಿಟ್ಟಿದೆ. ತಿನ್ನೋರಿಲ್ಲ, ಹಂದಿಗೆ ಹಾಕ್ತಿದೀವಿ.

ಕಲೋ ಕಾಗದ ಬಂದಿತ್ತು. ಅವಳಿಗೆ ಆ ಕೆಲಸ ಈ ಸಲ ಕಾಯಂ ಆಗ್ಬಹುದು, ಆದ್ರೆ ಇನ್ಯಾರೋ ಒಬ್ರು ಅರ್ಜಿ ಹಾಕೋ ಹಾಗಿದೆ, ಅವರು ತುಂಬಾ ಓದಿರೋರು ಅಂತ ಬರೆದಿದ್ಲು. ಯಾರು ಅಂತ ಬರೆದಿಲ್ಲ, ಆದ್ರೆ ಅಷ್ಟು ಓದಿರೋಳು ನೀನಲ್ದೆ ಇನ್ಯಾರು. ನನ್ನ ಮಗಳು ಬಾಯಿಬಿಟ್ಟು ಕೇಳೋಳಲ್ಲ, ನಿಂಗೊತ್ತು. ಸಣ್ಣೋಳಿದ್ದಾಗ ಹಸಿವಾದ್ರೂ ತಟ್ಟೆ ನೋಡೋಳೇ ಹೊರತು ಹಾಕು ಅಂತಿರ್ಲಿಲ್ಲ.

ಅದಕ್ಕೆ ನಾನು ಕೇಳ್ತಿದೀನಿ. ನೀನು ಬಿಟ್ಬಿಡು ಕೂಸೇ. ನೀನು ಚಿಕ್ಕೋಳು, ಓದಿದೋಳು, ನಿಂಗೆ ಇನ್ನೊಂದು ಸಿಗತ್ತೆ. ಅವಳಿಗೆ ನಲವತ್ತನಾಲ್ಕಾಯ್ತು. ಗಂಡ ಇಲ್ಲ, ಮಕ್ಕಳಿಲ್ಲ, ಒಂದು ಹೂಕುಂಡ ಇದೆ.

ನಾನು ನಿನ್ನ ಹತ್ರ ಈವರೆಗೂ ಏನೂ ಕೇಳಿಲ್ಲ. ಬೇರೆ ಅತ್ತೇರು ಬಂಡಿಗಟ್ಟಲೆ ಕೇಳ್ತಾರೆ.

ಕಲೋಗೆ ಹೇಳ್ಬೇಡ, ಅವಳಿಗೆ ಮಾನ ಜಾಸ್ತಿ. ಅಪ್ಪನಿಗೂ ಹೇಳ್ಬೇಡ.

ದೇವರು ಒಳ್ಳೇದು ಮಾಡ್ಲಿ. ತಲೆಗೆ ಎಣ್ಣೆ ಹಚ್ಕೋ, ವೆಲಿಂಗ್ಟನ್ ಗಾಳಿಗೆ ನಿನ್ನ ಕೂದಲು ಒಣಗತ್ತೆ. ನಮ್ಮ ವಂಶದಲ್ಲೇ ಅಂಥ ಕೂದಲು ಯಾರಿಗೂ ಇಲ್ಲ.

ನಿನ್ನ ಅತ್ತೆ
ಲಾವಿನಿಯಾ

*

ಒಟಾಹುಹು
೧೦ ಅಕ್ಟೋಬರ್ ೧೯೯೭

ಮೆಲೆನೈತೆ,

ಅಮ್ಮನ ಪತ್ರವನ್ನು ಎಷ್ಟು ಸಲ ಓದಿದೆ ಅಂತ ಬರೆಯುವುದಿಲ್ಲ.

ಮಾರ್ಚ್‌ನಲ್ಲಿ ನಾನು ಅವಳಿಗೆ ಬರೆದದ್ದು ಅಷ್ಟೇ: ಇನ್ನೊಬ್ಬರು ಅರ್ಜಿ ಹಾಕುವ ಹಾಗಿದೆ, ತುಂಬಾ ಓದಿದವರು. ನಿನ್ನ ಹೆಸರು ಬರೆಯಲಿಲ್ಲ. ಬರೆಯಲಿಲ್ಲವಲ್ಲ ಅಂತ ಆಗ ನನಗೆ ನನ್ನ ಬಗ್ಗೆ ಒಳ್ಳೆಯ ಭಾವನೆ ಬಂದಿತ್ತು. ಆದರೆ ಆ ಸಾಲು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತ್ತು, ಅದು ನೆನಪಿದೆ. ತಟ್ಟೆ ನೋಡುವವಳು ಅಂತ ಅಮ್ಮ ಬರೆಸಿದ್ದಾಳೆ. ಇಷ್ಟು ವರ್ಷ ಓದಿ, ಪಾಠ ಹೇಳಿ, ನಾನು ಅದಕ್ಕಿಂತ ಹೆಚ್ಚೇನೂ ಮಾಡಿಲ್ಲ.

ಡೀನ್ ಪತ್ರ ಸೆಪ್ಟೆಂಬರ್ ಕೊನೆಗೆ ಬಂತು. ಹುದ್ದೆ ನನ್ನದು, ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸಬೇಕು. ಒಲ್ಲೆ ಅಂತ ನಿನಗೆ ಬರೆಯಲೆಂದೇ ಒಂದು ಭಾನುವಾರ ಮೇಜಿನ ಮುಂದೆ ಕೂತೆ. ಚರ್ಚಿಗೂ ಹೋಗಲಿಲ್ಲ. ಬರೆಯುವ ವಾಕ್ಯಗಳು ಚೆನ್ನಾಗಿಯೇ ಬಂದವು. ಓದಿದರೆ ನಿನಗೆ ನನ್ನ ಬಗ್ಗೆ ಗೌರವ ಬರುತ್ತಿತ್ತು. ನಾನು ಬಿಟ್ಟರೆ ಹೂವಿನ ಅಂಗಿಯವನಿಗೆ ಸಿಗುತ್ತದೆ, ನಿನಗೆ ಸಿಗುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಅಥವಾ ಮೊದಲೇ ಹೊಳೆದಿತ್ತು, ನಾನು ಕಾದೆ.

ಸಹಿ ಹಾಕಿದೆ. ಸೋಮವಾರ ಹೂಕುಂಡವನ್ನು ಒಯ್ದಿಟ್ಟೆ. ಎಸೆಟಾ ನೋಡಿ, “ಈ ಸಲ ಇದು ವಾಪಸ್ ಬರಲ್ವಾ?” ಅಂದಳು. ಬರಲ್ಲ ಅಂದೆ. ಅವಳು ಪೊರಕೆ ಬಿಟ್ಟು ನನ್ನನ್ನು ತಬ್ಬಿಕೊಂಡಳು. ಡೀನ್‌ಗೆ ಪಟದ ವಿಷಯವನ್ನೂ ಹೇಳಿದೆ. ಕೆಂಪಗಾದರು. ಮರುದಿನ ಗೋಡೆ ಖಾಲಿಯಾಗಿತ್ತು, ನಾಲ್ಕು ಮೂಲೆಯಲ್ಲಿ ಅಂಟಿನ ಗುರುತು ಉಳಿದಿದೆ. ಬಾಗಿಲು ತೆರೆದರೆ ಅದು ಕಾಣುತ್ತದೆ, ನಿನ್ನ ಮುಖಕ್ಕಿಂತ ಸ್ಪಷ್ಟವಾಗಿ.

ಈಗ ನನಗೆ ಬೇರೆಯದೇ ಕಿಚ್ಚು. ಕೆಲಸವನ್ನು ಕಳೆದುಕೊಂಡು, ಆ ಮಾತನ್ನು ಬಾಯೊಳಗೇ ಇಟ್ಟುಕೊಂಡು, ನನ್ನ ಮುಂದೆ ತಲೆ ಬಗ್ಗಿಸಿ ಕೂತೆಯಲ್ಲ. ನಾನು ನಿನ್ನ ಜಾಗದಲ್ಲಿದ್ದಿದ್ದರೆ ಕೂರುತ್ತಿರಲಿಲ್ಲ. ಕೊಡುವುದರಲ್ಲಿಯೂ ನೀನೇ ಮುಂದೆ.

ಚಾಪೆಯನ್ನು ಹಿಂದೆ ಕಳಿಸಲು ಆಗುವುದಿಲ್ಲ, ಕಳಿಸಿದರೆ ಅದು ಮಾವನಿಗೆ ಅವಮಾನ. ನಿನ್ನ ಹತ್ತಿರ ಒಂದು ಕೇಳುತ್ತೇನೆ. ನೇರವಾಗಿ, ನನ್ನ ಬಾಯಿಂದ, ಮೊದಲ ಸಲ. ಇಲ್ಲ ಅನ್ನುವ ಹಾಗಿಲ್ಲ.

ನನಗೆ ಬೈದು ಒಂದು ಪತ್ರ ಬರೆ.

ಕಲೋಲೈನೆ

*

ವೆಲಿಂಗ್ಟನ್
೨ ನವೆಂಬರ್ ೧೯೯೭

ಕಲೋ ಅಕ್ಕನಿಗೆ,

ಬೈ ಅಂದಿದ್ದೀರಿ. ಬೈಯುತ್ತೇನೆ.

ನೀವು ಹಾಪಾಯಿಯಿಂದ ನಮ್ಮ ಮನೆಗೆ ಬಂದ ದಿನ ನನ್ನ ಮಂಚ ನಿಮ್ಮದಾಯಿತು. ಅಪ್ಪ ನನ್ನನ್ನು ಕೇಳಲಿಲ್ಲ, ದಿಂಬನ್ನು ಎತ್ತಿ ನೆಲಕ್ಕೆ ಹಾಕಿದರು ಅಷ್ಟೆ. ಐದು ವರ್ಷ ನಾನು ನೆಲದಿಂದ ನಿಮ್ಮ ಮಂಚದ ಅಡಿಯ ಪಟ್ಟಿಗಳನ್ನು ನೋಡುತ್ತಾ ಮಲಗಿದೆ. ಶನಿವಾರದ ಮೀನಿನ ತಲೆ ನಿಮ್ಮ ತಟ್ಟೆಗೆ ಹೋಗುತ್ತಿತ್ತು. ಮೀನಿನ ತಲೆ ನನಗೆ ಇಷ್ಟವಿರಲಿಲ್ಲ. ಆದರೂ ಅದು ಯಾರ ತಟ್ಟೆಗೆ ಹೋಗುತ್ತದೆಂದು ಪ್ರತಿ ಶನಿವಾರ ನೋಡುತ್ತಿದ್ದೆ. ತಟ್ಟೆ ನೋಡುವವಳು ನೀವೊಬ್ಬರೇ ಅಂತ ಅತ್ತೆ ತಿಳಿದಿದ್ದಾರೆ.

ನಾನು ಓದಿದ್ದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಿನ ಸಂದರ್ಶನಗಳಲ್ಲಿ ಸಮುದಾಯಕ್ಕಾಗಿ ಎನ್ನುತ್ತೇನೆ. ಗ್ರಂಥಾಲಯದಲ್ಲಿ ಯಾರೂ ಯಾರ ಅತ್ತೆಯ ಮಗಳೂ ಅಲ್ಲ, ಅದಕ್ಕೆ ಓದಿದೆ. ನೀವು ಬಂದು ಕೂರದ ಒಂದು ಕುರ್ಚಿ ನನಗೆ ಬೇಕಿತ್ತು. ಆಮೇಲೆ ನೀವೂ ಅದೇ ಕೆಲಸಕ್ಕೆ ಬಂದಿರಿ.

ಹೊಟ್ಟೆಕಿಚ್ಚು ಅಂತ ಆಗಸ್ಟ್‌ನಲ್ಲಿ ಬರೆದಿರಿ, ಹೊಸದಾಗಿ ಕಂಡುಕೊಂಡವರ ಹಾಗೆ. ಅದು ಮೊದಲು ನನ್ನದು. ಅದನ್ನೂ ನೀವೇ ತೆಗೆದುಕೊಂಡಿರಿ.

ಅಪ್ಪನ ತಲೆಯನ್ನು ನಾನು ಒಂದು ಸಲವೂ ಮುಟ್ಟಿಲ್ಲ. ಅವರ ಕೂದಲು ಒರಟೋ ಮೃದುವೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತು. ಮಾರ್ಚ್‌ನ ಪತ್ರದಲ್ಲಿ ನೀವು ಬಿಳಿಗೂದಲು ಕಿತ್ತದ್ದನ್ನು ಎಷ್ಟು ಸಲೀಸಾಗಿ ಬರೆದಿರಿ. ನಾನಿದ್ದಿದ್ದರೆ ಬಾಗಿಲ ಹತ್ತಿರ ಕೂತು ನೋಡುತ್ತಿದ್ದೆ ಅಂತಲೂ ಬರೆದಿರಿ. ಅದನ್ನು ಓದಿದ ದಿನ ನಾನು ತರಗತಿಗೆ ಹೋಗಲಿಲ್ಲ.

ಜೂನ್‌ನಲ್ಲಿ ನಾನು ಅಲುಗಾಡದೆ ಕೂತದ್ದನ್ನು ನೀವು ಏನೋ ದೊಡ್ಡದೆಂದು ತಿಳಿದಿದ್ದೀರಿ. ಅದನ್ನು ಮನಸ್ಸಿನಿಂದ ತೆಗೆಯಿರಿ. ಬೆಳಿಗ್ಗೆ ನೀವು ಅಪ್ಪನ ತಲೆಗೆ ಎಣ್ಣೆ ಹಚ್ಚಿದ್ದಿರಿ, ಮಧ್ಯಾಹ್ನ ಕತ್ತರಿ ಹಿಡಿದು ಬಂದಾಗಲೂ ಕೈಯಲ್ಲಿ ಅದೇ ವಾಸನೆ ಇತ್ತು. ಆ ಕೈ ನನ್ನ ತಲೆಯ ಮೇಲೆ ಬಂತು. ನೀವು ಎಷ್ಟು ಕತ್ತರಿಸುತ್ತಿದ್ದೀರಿ, ಯಾಕೆ ಕತ್ತರಿಸುತ್ತಿದ್ದೀರಿ, ಎರಡೂ ನನಗೆ ಗೊತ್ತಾಗುತ್ತಿತ್ತು. ಅಮ್ಮ ಸಾಕು ಅಂದಾಗ ನನಗೆ ಅಮ್ಮನ ಮೇಲೆ ಸಿಟ್ಟು ಬಂತು. ಇನ್ನೂ ಕೂದಲಿತ್ತಲ್ಲ, ಇನ್ನೂ ಸ್ವಲ್ಪ ಹೊತ್ತು ಇರಬಹುದಿತ್ತು ಆ ಕೈ.

ಡಿಸೆಂಬರ್‌ಗೆ ನನ್ನ ಒಪ್ಪಂದ ಮುಗಿಯುತ್ತದೆ. ಹವಾಯಿಯಲ್ಲಿ ಒಂದು ಕೆಲಸಕ್ಕೆ ಬರೆದಿದ್ದೇನೆ. ಅತ್ತೆಗೆ ಹೇಳಬೇಡಿ. ಅಲ್ಲಿ ಯಾರೂ ನಮ್ಮ ಬಳಗದವರು ಅರ್ಜಿ ಹಾಕಿಲ್ಲ ಅಂತ ವಿಚಾರಿಸಿಕೊಂಡಿದ್ದೇನೆ.

ಇಷ್ಟು ಬೈಗುಳ. ಆದರೆ ಇದೂ ನೀವು ಕೇಳಿದ್ದಕ್ಕೆ ಕೊಟ್ಟದ್ದು, ಚಾಪೆ ಕೊಟ್ಟ ಹಾಗೆ. ಕೇಳದೆ ಬೈಯುವುದನ್ನು ನಾನಿನ್ನೂ ಕಲಿತಿಲ್ಲ. ಕಲಿತ ದಿನ ಪತ್ರ ಬರೆಯುವುದಿಲ್ಲ, ಬಾಗಿಲಿಗೇ ಬರುತ್ತೇನೆ.

ಅಲ್ಲಿಯವರೆಗೆ ನನಗೆ ಬರೆಯಬೇಡಿ. ನಾನು ನಿಮ್ಮ ಹತ್ತಿರ ಕೇಳುತ್ತಿರುವುದು ಇದೊಂದೇ. ನೀವು ಇಲ್ಲ ಅನ್ನಬಹುದು.

ಮೆಲೆನೈತೆ